ಹಂದಿಯ ಪರ ವಕಾಲತ್ತು

ವನ್ಯಜೀವಿ ಮಸೂದೆಗೆ ಆಕ್ಷೇಪಣೆ ಎಂದು ನಾನು ಮೊದಲು ಬರೆದದ್ದು ಒಂಬತ್ತು ಪುಟ. ಅದರಲ್ಲಿ ವೃಕ್ಷ, ಖಗ, ಮೃಗ ಎಲ್ಲ ಇತ್ತು, ಕಾನೂನೊಂದನ್ನು ಬಿಟ್ಟು. ಮಾರನೇ ದಿನ ಬೆಳಿಗ್ಗೆ ನಾನೇ ಓದಿ, ನಾಚಿಕೆಯಾಗಿ, ಒಲೆಗೆ ಹಾಕಿದೆ.

2021ರ ಡಿಸೆಂಬರ್‌ನಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಅಲ್ಲಿಂದ ಜೈರಾಮ್ ರಮೇಶ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು, ಮನೆಯಲ್ಲಿ ಸ್ವಲ್ಪ ಅಡಿಕೆ ತೋಟವಿದೆ. ಆಕ್ಷೇಪಣೆ ಬರೆಯಲು ನನಗಿಂತ ಯೋಗ್ಯ ಬೇರೆ ಯಾರು ಅಂದುಕೊಂಡಿದ್ದೆ. ಒಂಬತ್ತು ಪುಟದ ಕಥೆ ಆಗಲೇ ಹೇಳಿದೆನಲ್ಲ.

ಎರಡನೇ ಸಲ 1972ರ ಕಾಯ್ದೆಯ ಅನುಸೂಚಿಗಳನ್ನೂ (ಯಾವ ಜೀವಿಗೆ ಎಷ್ಟು ರಕ್ಷಣೆ ಎಂದು ಹೇಳುವ ಪಟ್ಟಿಗಳು) ಮಸೂದೆಯ ಅನುಸೂಚಿಗಳನ್ನೂ ಪ್ರಿಂಟ್ ಹಾಕಿಸಿ, ಜಗಲಿಯ ಮೇಲೆ ಅಕ್ಕಪಕ್ಕ ಹರಡಿ, ಮರದ ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ನೋಡುತ್ತ ಹೋದೆ. ಆರು ಅನುಸೂಚಿ ನಾಲ್ಕಾಗಿತ್ತು. ಪ್ರಾಣಿಗಳಿಗೆ ಉಳಿದದ್ದು ಎರಡು: ಒಂದನೆಯದು ಗಟ್ಟಿ ರಕ್ಷಣೆ, ಎರಡನೆಯದು ಸ್ವಲ್ಪ ಸಡಿಲ. ಯಾವ ಪ್ರಾಣಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹುಡುಕುವುದು ಅಷ್ಟು ಸುಲಭವಲ್ಲ, ಏಕೆಂದರೆ ಹೆಸರೇ ಬದಲಾಗಿರುತ್ತದೆ. ಹಳೇ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಕಪ್ಪೆಗಳಿಗೆ ಇದ್ದದ್ದು ‘ರಾನಾ’ ಕುಲದ ಒಂದೇ ಒಂದು ಸಾಲು. ಆ ಕುಲವನ್ನು ವಿಜ್ಞಾನಿಗಳು ಯಾವಾಗಲೋ ಒಡೆದು ಹಂಚಿಯಾಗಿದೆ. ನಮ್ಮ ಗದ್ದೆಯ ದೊಡ್ಡ ಗೊಂಕರುಕಪ್ಪೆ ಈಗ ಹೋಪ್ಲೋಬ್ಯಾಟ್ರಾಕಸ್. ಘಟ್ಟದ ಪುಟ್ಟ ಮರಗಪ್ಪೆಗಳಂತೂ ಎಂದೂ ರಾನಾ ಆಗಿರಲೇ ಇಲ್ಲ. ಅಂದರೆ ಕಪ್ಪೆ ತನ್ನ ಪಾಡಿಗೆ ವಟಗುಟ್ಟುತ್ತಿರುತ್ತದೆ, ಕಾನೂನಿಗೆ ಅದರ ಪರಿಚಯವೇ ಇರುವುದಿಲ್ಲ. ಇದೊಂದಕ್ಕೇ ನನ್ನ ಎರಡು ಸಂಜೆ ಹೋದವು.

ಮೂರನೇ ಸಂಜೆ ಪಕ್ಕದ ತೋಟದ ಹಿರಿಯರು ಬಂದರು. ಹಿಂದಿನ ರಾತ್ರಿ ಹಂದಿ ಹಿಂಡು ಅವರ ಬಾಳೆ ಬುಡ ಉತ್ತು ಹಾಕಿತ್ತು. ಜಗಲಿಯ ಕಾಗದ ನೋಡಿ, “ಏನು ಮೇಷ್ಟ್ರೆ, ಹಂದಿ ಪರ ವಕಾಲತ್ತು ಹಾಕ್ತಿದ್ದೀರಂತೆ?” ಅಂದರು. ನಗುತ್ತಲೇ ಅಂದದ್ದು, ಆದರೆ ಕವಳ ಉಗುಳಿದ ರೀತಿಯಲ್ಲಿ ಸಿಟ್ಟು ಇತ್ತು.

ಅವರು ಹೋದ ಮೇಲೆ 62ನೇ ಸೆಕ್ಷನ್ ಮತ್ತೆ ಓದಿದೆ. ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ, ಒಂದು ಪ್ರಾಣಿಯನ್ನು ‘ವರ್ಮಿನ್’ ಅಂದರೆ ಪೀಡೆ ಎಂದು ಸಾರಬಹುದು. 2015-16ರಲ್ಲಿ ಬಿಹಾರದ ನೀಲಗಾಯ್, ಉತ್ತರಾಖಂಡದ ಹಂದಿ, ಶಿಮ್ಲಾದ ಮಂಗಕ್ಕೆ ಹೀಗೇ ಮಾಡಿದ್ದರು. ಒಂದೇ ಸರ್ಕಾರದಲ್ಲಿ ಸಚಿವರಾಗಿದ್ದ ಪ್ರಕಾಶ್ ಜಾವಡೇಕರ್ ಮತ್ತು ಮೇನಕಾ ಗಾಂಧಿ ಬಹಿರಂಗವಾಗಿಯೇ ಜಟಾಪಟಿಗೆ ಬಿದ್ದದ್ದು ಇದಕ್ಕೇ. ಹಳೇ ಕಾಯ್ದೆಯಲ್ಲಿ ಎರಡನೇ ಅನುಸೂಚಿಯ ಎರಡನೇ ಭಾಗಕ್ಕೆ ಈ ಸೆಕ್ಷನ್ ತಾಗುತ್ತಿರಲಿಲ್ಲ. ಹೊಸ ಮಸೂದೆಯಲ್ಲಿ ಎರಡನೇ ಅನುಸೂಚಿ ಪೂರ್ತಿ ತೆರೆದುಕೊಂಡಿತ್ತು.

ಪೀಡೆ ಎಂದು ಸಾರಿದ ಮೇಲೆ ಅನುಮತಿ ಬೇಡ, ಎಷ್ಟು ಸತ್ತವು ಎಂಬ ಲೆಕ್ಕವೂ ಬೇಡ. ಆದರೆ 11ನೇ ಸೆಕ್ಷನ್ ಹೇಳುವುದೇ ಬೇರೆ: ಒಂದನೇ ಅನುಸೂಚಿಯಲ್ಲಿ ಇಲ್ಲದ ಪ್ರಾಣಿ ನಿಂತ ಬೆಳೆಗೆ ಹಾನಿ ಮಾಡಿದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಬೇಟೆಗೆ ಅನುಮತಿ ಕೊಡಬಹುದು. ದಾರಿ ಮೊದಲಿಂದಲೂ ಇದೆ. ಮಾರನೇ ದಿನ ಇದನ್ನು ಹಿರಿಯರಿಗೆ ಹೇಳಿದೆ.

“ಅನುಮತಿ ಬರೋಷ್ಟರಲ್ಲಿ ಆ ಹಂದಿ ಮೊಮ್ಮಕ್ಕಳನ್ನ ಕಂಡಿರುತ್ತೆ ಮಾರಾಯ್ರೆ.”

ನನ್ನ ಆಕ್ಷೇಪಣೆ ನಿಜವಾಗಿ ಶುರುವಾದದ್ದು ಆ ಮಾತಿನಿಂದ. ಎರಡೇ ಪುಟ ಬರೆದೆ. ಕಪ್ಪೆಗಳ ಹೆಸರು ಸರಿಪಡಿಸಿ. 62ನ್ನು ಅಗಲ ಮಾಡುವ ಬದಲು 11ರ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಎಂದು ಗಡುವು ಹಾಕಿ. ಸಾಕಾನೆ ಸಾಗಣೆಗೆ ಮಸೂದೆ ಕೊಟ್ಟಿರುವ ವಿನಾಯಿತಿಯನ್ನು ಬಿಗಿಗೊಳಿಸಿ. ಕಾಡಿನ ಸೌಂದರ್ಯದ ಬಗ್ಗೆ ಒಂದು ಪದವೂ ಇಲ್ಲ.

ನನಗೆ ಉತ್ತರ ಬರಲಿಲ್ಲ, ಬರುತ್ತದೆಂದು ಕಾದೂ ಇರಲಿಲ್ಲ. ಅನುಸೂಚಿಗಳಲ್ಲಿ ಪ್ರಭೇದಗಳು ಬಿಟ್ಟುಹೋಗಿವೆ ಎಂದು ಸಮಿತಿಯ ವರದಿಯೂ ಹೇಳಿತು; ನನ್ನಂಥವರು ಬಹಳ ಜನ ಸ್ಕೇಲ್ ಹಿಡಿದು ಕೂತಿರಬೇಕು. 2022ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯೂ ಒಪ್ಪಿತು. ಎಲ್ಲವೂ ಸಡಿಲವಾಗಲಿಲ್ಲ ಎನ್ನುವುದನ್ನೂ ಹೇಳಬೇಕು: ಕಾಳಿಂಗ ಸರ್ಪ ಒಂದನೇ ಅನುಸೂಚಿಗೆ ಏರಿತು, ನಮ್ಮ ಊರಿನ ಮಂಗವೂ ಏರಿತು. ಸಾಕಾನೆ ಸಾಗಣೆಯ ವಿಷಯದಲ್ಲಿ ಮಾತ್ರ ‘ಧಾರ್ಮಿಕ ಅಥವಾ ಬೇರಾವುದೇ ಉದ್ದೇಶ’ ಎಂಬ ಪದಗಳು ಸೇರಿಕೊಂಡವು. ‘ಬೇರಾವುದೇ’ ಅಂದರೆ ಏನೇನು ಆಗಬಹುದು ಎಂದು ಬಿಡಿಸಿ ಹೇಳುವುದು ಬೇಡ.

2025ರ ಅಕ್ಟೋಬರ್‌ನಲ್ಲಿ ಕೇರಳ ವಿಧಾನಸಭೆ ತನ್ನದೇ ತಿದ್ದುಪಡಿ ಪಾಸು ಮಾಡಿತು. ಪೀಡೆ ಎಂದು ಸಾರುವ ಅಧಿಕಾರ ರಾಜ್ಯಕ್ಕೆ, ಮಂಗ ಮತ್ತೆ ಎರಡನೇ ಅನುಸೂಚಿಗೆ. ವನ್ಯಜೀವಿ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯವಾದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕು. ಸುದ್ದಿ ಬಂದ ದಿನ ಹಿರಿಯರು ಪತ್ರಿಕೆ ಹಿಡಿದೇ ಬಂದರು. “ಮೇಷ್ಟ್ರೆ, ನಮ್ಮಲ್ಲೂ ಹಿಂಗೇ ಮಾಡಿದ್ರೆ ನೀವೇನು ಬರೀತೀರಿ?”

“11ಕ್ಕೆ ಅರ್ಜಿ ಹಾಕಿದ್ರಾ?” ಎಂದು ಕೇಳಿದೆ.

ಹಾಕಿದ್ದರಂತೆ, ಹಂದಿಗೆ. ಸ್ವೀಕೃತಿ ಚೀಟಿ ಜೇಬಿನಲ್ಲೇ ಇತ್ತು, ಮಡಿಕೆ ಹರಿಯುವಷ್ಟು ಹಳೆಯದು. ಅದರ ಫೋಟೊ ತೆಗೆದುಕೊಂಡಿದ್ದೇನೆ.