ಎರೆ ಹೊಲದಲ್ಲಿ ಹವಾಮಾನ ಸಲಹೆ: ಕೃಷಿ ಸಖಿಯೊಬ್ಬಳ ಅನುಭವ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಮಳೆಯನ್ನೇ ನಂಬಿ ಒಕ್ಕಲುತನ ಮಾಡುವ ಕುಟುಂಬ ನಮ್ಮದು. ಎರೆ (ಕಪ್ಪು ಮಣ್ಣಿನ) ಭೂಮಿ, ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಕೃಷಿ ಸಖಿ, ಅಂದರೆ ಊರಿನ ಹೆಣ್ಣುಮಕ್ಕಳಿಗೆ ಬೇಸಾಯದ ತಿಳಿವಳಿಕೆ ಕೊಡುವವಳು, ಆದ ಮೇಲೆ ಹವಾಮಾನ ಸಲಹೆಯನ್ನು ಊರಿನ ಸಂಘಗಳ ಹೆಣ್ಣುಮಕ್ಕಳಿಗೆ ತಲುಪಿಸುವುದೂ ನನ್ನ ಕೆಲಸವಾಯಿತು. ಮುನ್ಸೂಚನೆಯನ್ನು ಹೇಳುವುದರಿಂದ ಮಾತ್ರ ಹೊಲದಲ್ಲಿ ಏನೂ ಬದಲಾಗುವುದಿಲ್ಲ. ಯಾವ ಮುನ್ಸೂಚನೆ ಬಂದರೆ ಯಾವ ಕೆಲಸವನ್ನು ಮುಂದೂಡಬೇಕು ಅಥವಾ ಬೇಗ ಮುಗಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಹಾಗೆ ಗೊತ್ತುಮಾಡಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾರತ ಹವಾಮಾನ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಹವಾಮಾನ ಘಟಕಗಳು ಸೇರಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಪ್ರಕಟಣೆಯನ್ನು ಹೊರಡಿಸುತ್ತವೆ. ಮುಂದಿನ ಐದು ದಿನಗಳ ಮಳೆ, ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಬೆಳಗಿನ ಮತ್ತು ಮಧ್ಯಾಹ್ನದ ಆರ್ದ್ರತೆ, ಗಾಳಿಯ ವೇಗ ಮತ್ತು ದಿಕ್ಕು, ಮೋಡದ ಪ್ರಮಾಣ ಇವೆಲ್ಲ ಅದರಲ್ಲಿರುತ್ತವೆ. ಕೆಳಗೆ ಬೆಳೆವಾರು ಸಲಹೆ ಇರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಇದೇ ಮಾಹಿತಿ ಸಿಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಓದಲು ಬಾರದವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ದೇಶದ 199 ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರಲ್ಲಿ ಮುಚ್ಚಿದವು. ಜಿಲ್ಲಾ ಪ್ರಕಟಣೆ ನಿಲ್ಲದಿದ್ದರೂ ಅದನ್ನು ನಮ್ಮ ಮಣ್ಣಿಗೆ, ನಮ್ಮ ಬಿತ್ತನೆಯ ದಿನಕ್ಕೆ ಹೊಂದಿಸಿಕೊಳ್ಳುವ ಕೆಲಸ ಈಗ ಊರಿನಲ್ಲಿಯೇ ನಡೆಯಬೇಕಾಗಿದೆ.

ಪ್ರಕಟಣೆಯನ್ನು ಓದುವಾಗ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು: ಮಳೆ ಎಷ್ಟು, ಮತ್ತು ಎಷ್ಟು ಕಡೆ. ‘ಅಲ್ಲಲ್ಲಿ’ ಎಂದಿದ್ದರೆ ಜಿಲ್ಲೆಯ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆಗಳಲ್ಲಿ ಮಳೆ ಎಂದು ಲೆಕ್ಕ. ‘ಬಹುತೇಕ ಕಡೆ’ ಎಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಇಲಾಖೆಯ ಲೆಕ್ಕದಲ್ಲಿ ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಅದು ಭಾರೀ ಮಳೆ. ಟಿ.ವಿ.ಯಲ್ಲಿ ‘ಭಾರೀ ಮಳೆ’ ಎಂದು ಓದಿದಾಗ ಜನ ಗಾಬರಿಯಾಗುತ್ತಾರೆ. ಆದರೆ ಅದು ಅಲ್ಲಲ್ಲಿ ಬೀಳುವ ಭಾರೀ ಮಳೆಯಾಗಿದ್ದರೆ ನಮ್ಮ ಹೊಲಕ್ಕೆ ಹನಿಯೂ ಬೀಳದಿರಬಹುದು. ಇದನ್ನು ಬಿಡಿಸಿ ಹೇಳಿದ ಮೇಲೆ ‘ಮುನ್ಸೂಚನೆ ಬರೀ ಸುಳ್ಳು’ ಎಂಬ ಮಾತು ನಮ್ಮ ಸಂಘಗಳಲ್ಲಿ ಬಹಳಷ್ಟು ಕಡಿಮೆಯಾಯಿತು.

ಮುಂದಿನ ಹೆಜ್ಜೆ ಅಳತೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಾಹಿತಿ ಕಳಿಸುವ ಮಳೆಮಾಪಕಗಳಿವೆ, ಇದು ದೊಡ್ಡ ಅನುಕೂಲ. ಆದರೂ ಪಂಚಾಯಿತಿ ಕೇಂದ್ರದಲ್ಲಿ ಸುರಿದ ಮಳೆ ಹಳ್ಳದಾಚೆಯ ಹೊಲಕ್ಕೆ ಬಂದಿರುವುದಿಲ್ಲ. ಆದ್ದರಿಂದ ಗೆರೆ ಗುರುತಿರುವ ಪ್ಲಾಸ್ಟಿಕ್ ಮಳೆಮಾಪಕವೊಂದನ್ನು ಗಿಡ ಮತ್ತು ಗೋಡೆಗಳಿಂದ ದೂರದಲ್ಲಿ, ನೆಲದ ನೀರು ಸಿಡಿಯದಷ್ಟು ಎತ್ತರದಲ್ಲಿ ಕಟ್ಟಿದ್ದೇನೆ. ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹವಾಮಾನ ಇಲಾಖೆಯ ದಿನದ ಮಳೆಯ ಲೆಕ್ಕವೂ ಅದೇ ಹೊತ್ತಿಗೆ ಮುಗಿಯುವುದರಿಂದ ಎರಡನ್ನೂ ಹೋಲಿಸಲು ಸುಲಭ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್ ಎಂದು ಸಂಘದ ಸಭೆಯಲ್ಲಿ ಹೇಳಿದಾಗ, ಬದುವು ಒಡೆದಿದ್ದರೂ ಸುಮ್ಮನಿದ್ದ ಒಬ್ಬ ವೈನಿ ಮರುದಿನವೇ ಅದನ್ನು ಕಟ್ಟಿಸಿದರು.

ಆ ನೋಟ್‌ಬುಕ್ಕಿನಲ್ಲಿ ಮುನ್ಸೂಚನೆಗೆ ಒಂದು ಸಾಲು, ಬಿದ್ದ ಮಳೆಗೆ ಒಂದು ಸಾಲು ಇರುತ್ತದೆ. ಕೆಲವು ಹಂಗಾಮು ಹೀಗೆ ಬರೆದ ಮೇಲೆ ನನಗೆ ತಿಳಿದದ್ದು ಇಷ್ಟು: ‘ಮಳೆ ಇಲ್ಲ’ ಎಂಬ ಮುನ್ಸೂಚನೆಯನ್ನು ‘ಮಳೆ ಇದೆ’ ಎಂಬುದಕ್ಕಿಂತ ಹೆಚ್ಚು ನಂಬಬಹುದು; ಮೊದಲ ಎರಡು ದಿನಗಳ ಮಾತಿಗೂ ನಾಲ್ಕನೆಯ, ಐದನೆಯ ದಿನದ ಮಾತಿಗೂ ಬಹಳ ಅಂತರವಿದೆ; ಮತ್ತು ಪ್ರಮಾಣದ ಅಂಕಿಯನ್ನು ಅಳತೆಯೆಂದು ತಿಳಿಯದೆ ಸೂಚನೆಯೆಂದು ಮಾತ್ರ ತಿಳಿಯಬೇಕು. ಮುಂಗಾರಿಗೆ ಮುಂಚಿನ ಅಡ್ಡಮಳೆಯ ಏಪ್ರಿಲ್–ಮೇ ತಿಂಗಳುಗಳಲ್ಲಂತೂ ಒಂದೇ ಊರಿನ ಎರಡು ದಿಕ್ಕಿಗೆ ಎರಡು ಕಥೆ. ಆ ಕಾಲದಲ್ಲಿ ನಾನು ಮಳೆಗಿಂತ ಸಿಡಿಲಿನ ಎಚ್ಚರಿಕೆಯನ್ನೇ ಹೆಚ್ಚು ನೋಡುತ್ತೇನೆ. ‘ದಾಮಿನಿ’ ಮತ್ತು ‘ಸಿಡಿಲು’ ಆ್ಯಪ್‌ಗಳು ಅದಕ್ಕಾಗಿಯೇ ಇವೆ.

ಹವಾಮಾನ ಸಲಹೆಯಿಂದ ನಮಗೆ ಅತಿ ಹೆಚ್ಚು ಲಾಭವಾದದ್ದು ಹೆಸರಿನ ಕಟಾವಿನಲ್ಲಿ. ಜೂನ್ ಮೊದಲ ಭಾಗದಲ್ಲಿ ಬಿತ್ತಿದ ಹೆಸರು ಎರಡು ತಿಂಗಳು ದಾಟಿ ಆಗಸ್ಟ್ ಕೊನೆಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅದು ಮಘೆ, ಹುಬ್ಬೆ ಮಳೆಗಳ ಕಾಲ. ಮಾಗಿದ ಕಾಯಿಯ ಮೇಲೆ ಎರಡು ಮೂರು ದಿನ ಬಿಡದೆ ಮಳೆ ಬಿದ್ದರೆ ಕಾಳು ಕಾಯಿಯಲ್ಲಿಯೇ ಮೊಳೆಯುತ್ತದೆ, ಉಳಿದದ್ದು ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 12ನ್ನು ಮೀರುವಂತಿಲ್ಲ. ಆದರೆ ಹೆಸರಿನ ಕಾಯಿಗಳು ಒಮ್ಮೆಗೇ ಮಾಗುವುದಿಲ್ಲ. ಕೆಳಗಿನವು ಕಪ್ಪಾಗಿರುವಾಗ ತುದಿಯಲ್ಲಿ ಇನ್ನೂ ಹಸಿರು ಕಾಯಿ, ಕೆಲವೊಮ್ಮೆ ಹೂವೂ ಇರುತ್ತದೆ. ಐದರಲ್ಲಿ ನಾಲ್ಕು ಪಾಲು ಕಾಯಿ ಮಾಗಲಿ ಎಂದು ಕಾಯಬೇಕೋ, ಇರುವುದನ್ನು ಬಿಡಿಸಿಕೊಳ್ಳಬೇಕೋ ಎಂಬುದೇ ಪ್ರತಿ ವರ್ಷದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ನಾವು ಜುಲೈಯಲ್ಲಿ, ಅಂದರೆ ಯಾರಿಗೂ ಅವಸರವಿಲ್ಲದ ಹೊತ್ತಿನಲ್ಲಿ ಸಂಘದ ಸಭೆಯಲ್ಲಿ ಕುಳಿತು ಬರೆದುಕೊಂಡೆವು. ಅರ್ಧಕ್ಕಿಂತ ಹೆಚ್ಚು ಕಾಯಿ ಕಪ್ಪಾಗಿದ್ದು, ಮುಂದಿನ ಮೂರು ದಿನಗಳಲ್ಲಿ ‘ಹಲವೆಡೆ’ ಅಥವಾ ‘ಬಹುತೇಕ ಕಡೆ’ ಮಳೆ ಎಂದಿದ್ದರೆ, ಕಪ್ಪಾದದ್ದನ್ನು ಕೈಯಿಂದ ಬಿಡಿಸುವುದು. ‘ಅಲ್ಲಲ್ಲಿ’ ಎಂದಿದ್ದರೆ ಕಾಯುವುದು, ಆದರೆ ಆಳುಗಳಿಗೆ ಹೇಳಿಟ್ಟುಕೊಳ್ಳುವುದು. ಎರಡು ದಿನ ಮಳೆಯಿಲ್ಲ ಎಂಬುದು ಖಚಿತವಾಗಿ ಕಾಣುವವರೆಗೆ ಕಟಾವಿನ ಯಂತ್ರವನ್ನು ಕರೆಸದಿರುವುದು, ಏಕೆಂದರೆ ಹಸಿ ಎರೆ ಮಣ್ಣಿನಲ್ಲಿ ಯಂತ್ರ ಹೂತುಕೊಂಡರೆ ಅದರ ಬಾಡಿಗೆಯೇ ಬೆಳೆಯನ್ನು ತಿನ್ನುತ್ತದೆ. ಕಣದಲ್ಲಿ ಕಾಯಿ ಹರವಿದವರು ಸಂಜೆಗೆ ತಾಡಪತ್ರಿ ಹೊದಿಸುವುದು, ಮುನ್ಸೂಚನೆ ಏನೇ ಇರಲಿ.

ಇದರಲ್ಲಿ ಲೆಕ್ಕಾಚಾರವೊಂದಿದೆ. ಮಳೆ ಬರುತ್ತದೆಂದು ಮೊದಲೇ ಬಿಡಿಸಿ, ಮಳೆ ಬಾರದೆ ಹೋದರೆ ನಷ್ಟವಾಗುವುದು ಒಂದು ಸುತ್ತಿನ ಹೆಚ್ಚುವರಿ ಕೂಲಿ. ಬಿಡಿಸದೆ ಕುಳಿತಾಗ ಮಳೆ ಬಂದುಬಿಟ್ಟರೆ ನಷ್ಟವಾಗುವುದು ಹಂಗಾಮಿನ ದುಡಿಮೆ. ಎರಡು ನಷ್ಟಗಳು ಸಮವಲ್ಲದಿರುವಾಗ ಮುನ್ಸೂಚನೆ ಅರ್ಧ ಸಲ ಮಾತ್ರ ನಿಜವಾದರೂ ಅದರಂತೆ ನಡೆಯುವುದೇ ಲಾಭ. ಈ ಮಾತನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ಒಮ್ಮೆ, ಬಿಡಿಸಿದ ಮರುದಿನ ಬಿರುಬಿಸಿಲು ಬಿದ್ದಾಗ, “ಯವ್ವಾ, ನಿನ್ನ ಮೊಬೈಲಿನ ಮಳಿ ಎಲ್ಲಿಗೆ ಹೋತು?” ಎಂದು ಕೇಳಿದರು. “ಬಂದ ಬರ್ತದ ಅಂತ ನಾ ಎಲ್ಲಿ ಹೇಳೀನ್ರಿ ಕಾಕಾ? ಬಂದ್ರ ಏನ್ ಮಾಡ್ತೀರಿ ಅಂತ ಕೇಳಿದ್ನಿ,” ಎಂದೆ. ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯದು, ಆದರೆ ಮುಂದಿನ ವರ್ಷ ಅವರ ಸೊಸೆ ನನ್ನ ಸಂದೇಶದ ಪಟ್ಟಿಗೆ ಸೇರಿದಳು.

ಸಂದೇಶವನ್ನು ನಾನು ಬರೆದು ಕಳಿಸುವುದಿಲ್ಲ, ಮಾತಾಡಿ ಕಳಿಸುತ್ತೇನೆ. ಪ್ರಕಟಣೆಯ ಪುಟವನ್ನು ಹಾಗೆಯೇ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಯಾರೂ ತೆರೆಯುವುದಿಲ್ಲ. ಅರ್ಧ ನಿಮಿಷದ ಧ್ವನಿ, ಅದೂ ನಮ್ಮ ಮಾತಿನಲ್ಲಿ: “ಅಕ್ಕಾರ, ನಾಳಿ ನಾಡದ ಮಳಿ ಇಲ್ಲ, ಬಿಡಸೋದಿದ್ರ ನಾಳೆನ ಬಿಡಸ್ರಿ. ಶುಕ್ರವಾರದಿಂದ ಮಳಿ ಐತಿ ಅಂತಾರ, ಕಣದಾಗ ಕಾಯಿ ಇದ್ದವರು ಗುರುವಾರನ ರಾಶಿ ಮುಗಸ್ರಿ.” ಬಹಳ ಮನೆಗಳಲ್ಲಿ ಫೋನು ಗಂಡಸರ ಕಿಸೆಯಲ್ಲಿರುತ್ತದೆ, ಅವರು ಪೇಟೆಯಲ್ಲಿರುತ್ತಾರೆ, ಕಾಯಿ ಬಿಡಿಸುವವರು ಹೆಂಗಸರು. ಆದ್ದರಿಂದ ನ್ಯಾಯಬೆಲೆ ಅಂಗಡಿಯ ಗೋಡೆಯ ಕಪ್ಪುಹಲಗೆಯಲ್ಲಿಯೂ ಎರಡು ಸಾಲು ಬರೆಯುತ್ತೇನೆ. ತಾರೀಖಿನ ಜೊತೆಗೆ ಮಳೆ ನಕ್ಷತ್ರದ ಹೆಸರನ್ನೂ ಹಾಕುತ್ತೇನೆ, ಏಕೆಂದರೆ ನಮ್ಮ ಹಿರಿಯರ ಬಿತ್ತನೆಯ ನೆನಪೆಲ್ಲ ರೋಹಿಣಿ, ಮೃಗಶಿರ, ಉತ್ತರೆಗಳಲ್ಲಿಯೇ ಇದೆ. ಮಳೆ ನಕ್ಷತ್ರ ಮುನ್ಸೂಚನೆಯಲ್ಲ, ಪಂಚಾಂಗ. ಎರಡನ್ನೂ ಬೆರೆಸದೆ ಅಕ್ಕಪಕ್ಕದಲ್ಲಿ ಬರೆದರೆ ಹಿರಿಯರಿಗೂ ತಿಳಿಯುತ್ತದೆ, ಕಿರಿಯರಿಗೂ ಅಡ್ಡಿಯಾಗುವುದಿಲ್ಲ.

ಹಿಂಗಾರಿಯ ವಿಷಯಕ್ಕೆ ಬಂದರೆ ಮನೆಯ ಊಟದ ಪ್ರಶ್ನೆ ಇರುವುದು ಅಲ್ಲಿಯೇ. ಹೆಸರು ಮತ್ತು ಕಡಲೆ ದುಡ್ಡಿನ ಬೆಳೆಗಳು. ರೊಟ್ಟಿಗೆ ಮತ್ತು ದನಗಳ ಕಣಿಕೆಗೆ (ಒಣ ದಂಟಿನ ಮೇವಿಗೆ) ಬಿಳಿಜೋಳವೇ ಬೇಕು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ ಮುಖ್ಯವಾದ ಮಳೆಗಾಲ. ಎರೆ ಮಣ್ಣಿನಲ್ಲಿ ಆಗ ಇಂಗಿದ ನೀರಿನ ಮೇಲೆಯೇ ಜೋಳ ಮುಂದಿನ ನಾಲ್ಕು ತಿಂಗಳು ಬದುಕಬೇಕು. ಹೀಗಾಗಿ ಸೆಪ್ಟೆಂಬರ್ ನಡುವಿನಿಂದ ನಾನು ಮಾಪಕದ ಲೆಕ್ಕವನ್ನು ಕೂಡಿಸುತ್ತ ಹೋಗುತ್ತೇನೆ, ಜೊತೆಗೆ ಹೊಲದಲ್ಲಿ ಗುಂಡಿ ತೆಗೆದು ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುತ್ತೇನೆ. ಮೊಳಕಾಲಿನಷ್ಟು ಆಳಕ್ಕೂ ಹಸಿ ಇಳಿದಿಲ್ಲದಿದ್ದರೆ ಕಡಲೆಯ ಎಕರೆಯನ್ನು ಕಡಿಮೆ ಮಾಡಿ ಜೋಳದ ಪಾಲನ್ನು ಮೊದಲು ಕಾಯ್ದುಕೊಳ್ಳುವುದು ನಮ್ಮ ಮನೆಯ ನಿಯಮ. ಕಾಳು ತುಂಬದಿದ್ದರೂ ಜೋಳ ಮೇವನ್ನಾದರೂ ಕೊಡುತ್ತದೆ. ಒಣಗಿದ ಕಡಲೆಯಿಂದ ಬಿತ್ತಿದ ಬೀಜದ ದುಡ್ಡೂ ಹುಟ್ಟುವುದಿಲ್ಲ.

2023ರಲ್ಲಿ ಈ ನಿಯಮದ ಬೆಲೆ ತಿಳಿಯಿತು. ಆ ವರ್ಷ ಜೂನ್ ಕೈಕೊಟ್ಟಿತು, ಜುಲೈಯಲ್ಲಿ ಮಳೆಯಾಯಿತು, ಆಗಸ್ಟ್ ಒಣಗಿಹೋಯಿತು. ದೇಶಕ್ಕೆ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಆಗಸ್ಟ್‌ನಲ್ಲಿ ವಾಡಿಕೆಗಿಂತ ಕಡಿಮೆ ಮಳೆ ಎಂದು ಇಲಾಖೆ ಜುಲೈ ಕೊನೆಯಲ್ಲಿಯೇ ಹೇಳಿತ್ತು, ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ಎಲ್ ನಿನೊ ಇದ್ದುದೂ ಗೊತ್ತಿತ್ತು. ಹೊಲದಲ್ಲಿ ಆಗ ಮಾಡಬಹುದಾದದ್ದು ಹೆಚ್ಚೇನಿರಲಿಲ್ಲ: ಎಡೆ ಹೊಡೆದು (ಸಾಲುಗಳ ನಡುವೆ ಕುಂಟೆ ಹಾಯಿಸಿ) ಬಿರುಕು ಮುಚ್ಚಿಸಿದೆವು, ಮೇಲುಗೊಬ್ಬರ ಕೊಳ್ಳಲಿಲ್ಲ. ಹೆಚ್ಚು ಉಪಯೋಗವಾದದ್ದು ಮನೆಯೊಳಗಿನ ನಿರ್ಧಾರ. ಹಿಂದಿನ ಸುಗ್ಗಿಯ ಜೋಳವನ್ನು ಶ್ರಾವಣದ ಖರ್ಚಿಗೆಂದು ಮಾರುವುದು ನಮ್ಮಲ್ಲಿ ವಾಡಿಕೆ. ಸೆಪ್ಟೆಂಬರ್ ಮಳೆಯ ಲೆಕ್ಕ ಸಿಗುವವರೆಗೆ ಜೋಳವನ್ನಾಗಲಿ ಕಣಿಕೆಯ ಬಣವೆಯನ್ನಾಗಲಿ ಮಾರಬಾರದು, ತುರ್ತಿದ್ದರೆ ಸಂಘದ ಉಳಿತಾಯದಿಂದ ಸಾಲ ಪಡೆಯಬೇಕು ಎಂದು ಸಭೆಯಲ್ಲಿ ಗೊತ್ತುಮಾಡಿದೆವು. ಮುಂದೆ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತು, ಜೋಳದ ಬೆಲೆಯೂ ಏರಿತು. ಪಡಿತರದ ಅಕ್ಕಿ ಹೊಟ್ಟೆ ತುಂಬಿಸುತ್ತದೆ ನಿಜ, ದನಗಳಿಗೆ ಅದು ಮೇವಾಗುವುದಿಲ್ಲ.

ಹಂಗಾಮಿನ ಆರಂಭದ ಮುನ್ಸೂಚನೆಯನ್ನು ಬಿತ್ತನೆಗೆ ನೇರವಾಗಿ ಬಳಸಲಾಗದು ಎಂಬುದೂ ಅದೇ ವರ್ಷ ಸ್ಪಷ್ಟವಾಯಿತು. ಏಪ್ರಿಲ್‌ನಲ್ಲಿ ದೇಶಕ್ಕೆ ವಾಡಿಕೆಯ ಶೇ 96ರಷ್ಟು ಮಳೆ ಎಂದಿದ್ದರು, ಬಂದದ್ದು ಶೇ 94. ದೇಶದ ಲೆಕ್ಕದಲ್ಲಿ ಅದು ಬಹುಮಟ್ಟಿಗೆ ಸರಿಯಾದ ಮಾತೇ. ಆದರೆ ಇಡೀ ದೇಶದ ನಾಲ್ಕು ತಿಂಗಳ ಸರಾಸರಿಯಿಂದ ರೋಣದ ಹೊಲದ ಆಗಸ್ಟನ್ನು ಊಹಿಸುವುದು ಹೇಗೆ? ಅದನ್ನು ನಾನು ಬೀಜ ಕೊಳ್ಳಲು ಬಳಸುವುದಿಲ್ಲ, ಕಾಳುಕಡಿ ಕೂಡಿಡಲು ಬಳಸುತ್ತೇನೆ. ಪ್ರತಿ ಗುರುವಾರ ಹೊರಬರುವ, ಮುಂದಿನ ಕೆಲವು ವಾರಗಳ ವಿಸ್ತೃತ ಮುನ್ಸೂಚನೆ ಐದು ದಿನದ್ದಕ್ಕೂ ಹಂಗಾಮಿನದ್ದಕ್ಕೂ ಮಧ್ಯದ್ದು: ಎಡೆ ಹೊಡೆಯಲು, ಆಳು ಗೊತ್ತುಮಾಡಲು ಸಾಕು.

ಕಡಲೆಗೆ ಬೇರೆ ಬಗೆಯ ಎಚ್ಚರ ಬೇಕು. ಅಕ್ಟೋಬರ್‌ನಲ್ಲಿ ಬಿತ್ತಿದ ಕೂಡಲೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಜಡಿಮಳೆ ಹಿಡಿದರೆ ಬೀಜ ಕೊಳೆತು ಮತ್ತೆ ಬಿತ್ತಬೇಕಾಗುತ್ತದೆ. ಆದ್ದರಿಂದ ಕೂರಿಗೆ ಹೂಡುವ ಮೊದಲು ಐದು ದಿನಗಳ ಮುನ್ಸೂಚನೆಯನ್ನು ನೋಡುವುದು ಕಡ್ಡಾಯ. ಹದ ಆರುತ್ತದೆಂದು ಅವಸರ ಮಾಡುವವರಿಗೆ ಎರೆ ಮಣ್ಣು ಹಸಿಯನ್ನು ಕೆಲ ದಿನ ಹಿಡಿದಿಡುತ್ತದೆಂದು ನೆನಪಿಸುತ್ತೇನೆ. ಹೂವಿನ ಕಾಲದಲ್ಲಿ ಮೋಡ ಕವಿದು ಜಿನುಗು ಮಳೆ ಬಂದರೆ ಕಡಲೆಯ ಎಲೆ ಒಸರುವ ಹುಳಿ ರಸ ತೊಳೆದುಹೋಗುತ್ತದೆ, ಕಾಯಿಕೊರಕ ಹೆಚ್ಚುತ್ತದೆ ಎಂದು ನಮ್ಮವರ ಅನುಭವ. (ಈ ಹುಳಿಯನ್ನು ನಮ್ಮ ಅಜ್ಜಿ ರಾತ್ರಿ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ, ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಿದ್ದಳು.) ಪ್ರಕಟಣೆಯಲ್ಲಿ ಮೋಡ ಮತ್ತು ಆರ್ದ್ರತೆ ಏರುತ್ತಿದ್ದರೆ ಎರಡು ದಿನಕ್ಕೊಮ್ಮೆ ಗಿಡ ತಿರುವಿ ಹುಳು ನೋಡಲು ಹೇಳುತ್ತೇನೆ. ಎಣ್ಣೆ (ಕೀಟನಾಶಕ) ಹೊಡೆಯುವುದಾದರೆ ಮರುದಿನ ಮಳೆಯಿರಬಾರದು, ಗಾಳಿ ಜೋರಿರಬಾರದು. ಗಾಳಿಯ ದಿಕ್ಕನ್ನು ನೋಡದೆ ಹೊಡೆದರೆ ಔಷಧಿ ಹೊಡೆಯುವವನ ಮೈಮೇಲೆಯೇ ಬೀಳುತ್ತದೆ. ಗಾಳಿಯ ಅಂಕಿ ಪ್ರಕಟಣೆಯಲ್ಲಿ ಯಾವಾಗಲೂ ಇರುತ್ತದೆ, ಯಾರೂ ಓದುವುದಿಲ್ಲ.

ಇನ್ನೊಂದು ಉಪಯೋಗ ಬೆಳೆ ವಿಮೆಯದು. ಕೊಯ್ದು ಹೊಲದಲ್ಲಿ ಒಣಗಲು ಹರವಿದ ಬೆಳೆ ಅಕಾಲಿಕ ಮಳೆಗೆ ಹಾಳಾದರೆ ಕೊಯ್ಲಿನಿಂದ 14 ದಿನಗಳವರೆಗೆ ಫಸಲ್ ಬಿಮಾ ಯೋಜನೆಯ ರಕ್ಷಣೆ ದೊರೆಯಬಹುದು, ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದ ದಿನದ ಫೋಟೊ, ಮಳೆಯ ದಿನದ ಫೋಟೊ, ಮಾಪಕದ ಅಂಕಿ ಇವನ್ನು ಒಟ್ಟಿಗೆ ಇಟ್ಟುಕೊಂಡಿರಲು ಹೇಳುತ್ತೇನೆ. ನನ್ನ ನೋಟ್‌ಬುಕ್ಕು ವಿಮೆಗೆ ಅಧಿಕೃತ ದಾಖಲೆಯಲ್ಲ. ಆದರೆ ಯಾವ ದಿನ, ಯಾವ ಹೊತ್ತಿಗೆ ಮಳೆಯಾಯಿತೆಂದು ತಡವರಿಸದೆ ಹೇಳಲು ಅದು ಸಾಕು.

2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯಿತಿ ಮಟ್ಟದ ಐದು ದಿನಗಳ ಮುನ್ಸೂಚನೆ ‘ಮೇರಿ ಪಂಚಾಯತ್’ ಆ್ಯಪ್‌ನಲ್ಲಿ ಸಿಗುತ್ತಿದೆ, 2025ರ ಮೇ ತಿಂಗಳಲ್ಲಿ ಆರು ಕಿ.ಮೀ. ಅಗಲದ ಚೌಕಗಳಾಗಿ ಲೆಕ್ಕ ಹಾಕುವ ಮುನ್ಸೂಚನಾ ವ್ಯವಸ್ಥೆ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಬಂದಿದೆ. ಪಂಚಾಯಿತಿಯ ಹೆಸರು ಕಂಡಿತೆಂದು ಅದನ್ನು ಜಿಲ್ಲಾ ಪ್ರಕಟಣೆಗಿಂತ ಹೆಚ್ಚು ನಂಬಬೇಕೆಂದೇನಿಲ್ಲ. ನೋಟ್‌ಬುಕ್ಕಿನಲ್ಲಿ ಈಗ ಮೂರು ಸಾಲುಗಳಿವೆ: ಜಿಲ್ಲೆಯದು, ಪಂಚಾಯಿತಿಯದು, ಮಾಪಕದ್ದು. ಹೆಸರು ಕಟಾವಿನ ನಿಯಮಗಳನ್ನು ಸದ್ಯಕ್ಕೆ ಜಿಲ್ಲಾ ಪ್ರಕಟಣೆಗೇ ಕಟ್ಟಿದ್ದೇವೆ; ಎರಡು ಮಳೆಗಾಲಗಳ ಸಾಲುಗಳನ್ನು ಸಂಘದ ಸಭೆಯಲ್ಲಿ ಓದಿ ನೋಡಿದ ಮೇಲೆ ಬದಲಿಸುವ ಮಾತು.