ಇನ್ಸುಲಿನ್ ಎಳೆಯುವ ಮೊದಲು ಸಿರಿಂಜಿನ ಅಂಕಿ ಓದಿ

ವಾರ್ಡಿನ ಫ್ರಿಜ್‌ನಲ್ಲಿ ಎರಡು ಬಗೆಯ ಇನ್ಸುಲಿನ್ ವಯಲ್ (ಔಷಧಿಯ ಪುಟ್ಟ ಬಾಟಲಿ) ಇರುತ್ತವೆ: ಎಂ.ಎಲ್.ಗೆ 40 ಯೂನಿಟ್‌ನದು ಒಂದು, 100 ಯೂನಿಟ್‌ನದು ಇನ್ನೊಂದು. ಬೇಗ ಕೆಲಸ ಮಾಡುವ ರೆಗ್ಯುಲರ್, ನಿಧಾನದ ಎನ್‌ಪಿಎಚ್, ಇವೆರಡರ ಮಿಶ್ರಣವಾದ 30/70 ಸಾಮಾನ್ಯವಾಗಿ 40ರವು. ದಿನವಿಡೀ ಕೆಲಸ ಮಾಡುವ ಗ್ಲಾರ್ಜಿನ್ ಹೆಚ್ಚಾಗಿ 100ರದು. ಸಿರಿಂಜುಗಳೂ ಹಾಗೇ, 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. ಮುಚ್ಚಳ ತೆಗೆದಿಟ್ಟ ಮೇಲೆ ಬಣ್ಣದಿಂದ ಏನೂ ತಿಳಿಯದು. ಬ್ಯಾರಲ್ (ಸಿರಿಂಜಿನ ಕೊಳವೆ) ಮೇಲಿನ ಅಂಕಿಯನ್ನೂ ವಯಲ್ ಲೇಬಲ್ಲನ್ನೂ ಪಕ್ಕಪಕ್ಕ ಹಿಡಿದು ಓದಿ.

ಅದಲುಬದಲಾದರೆ ಆಗುವುದು ಇಷ್ಟು: 100ರ ವಯಲ್‌ನಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಎಂ.ಎಲ್., ಅಂದರೆ 50 ಯೂನಿಟ್. ರೋಗಿ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು. 40ರದನ್ನು ಕಿತ್ತಳೆ ಸಿರಿಂಜಿನಲ್ಲಿ 20ಕ್ಕೆ ಎಳೆದರೆ ಹೋಗುವುದು ಬರೀ 8 ಯೂನಿಟ್. ಮರುದಿನ ಶುಗರ್ ಇಳಿದಿಲ್ಲವೆಂದು ಡೋಸ್ ಏರಿಸುತ್ತಾರೆ; ಆಮೇಲೆ ಯಾರೋ ಸರಿಯಾದ ಸಿರಿಂಜ್ ಹಿಡಿದ ದಿನ ಅಪಾಯ.

ರೆಗ್ಯುಲರ್ 10, ಎನ್‌ಪಿಎಚ್ 16 ಯೂನಿಟ್ ಒಂದೇ ಸಿರಿಂಜಿನಲ್ಲಿ ಕೊಡಬೇಕೆನ್ನಿ. ಮಬ್ಬಾದ ಎನ್‌ಪಿಎಚ್ ವಯಲ್ಲನ್ನು ಅಂಗೈಗಳ ನಡುವೆ ಉರುಳಿಸಿ. ಕುಲುಕಿದರೆ ನೊರೆ ಬರುತ್ತದೆ. ಎರಡರ ರಬ್ಬರನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಡಿ. ಎನ್‌ಪಿಎಚ್‌ಗೆ 16 ಯೂನಿಟ್ ಗಾಳಿ ತುಂಬಿ ಸೂಜಿ ಹೊರತೆಗೆಯಿರಿ, ಸೂಜಿ ಔಷಧಿಗೆ ತಾಗಬಾರದು. ರೆಗ್ಯುಲರ್‌ಗೆ 10 ಯೂನಿಟ್ ಗಾಳಿ ತುಂಬಿ, ವಯಲ್ ತಲೆಕೆಳಗೆ ಮಾಡಿ 10 ಎಳೆಯಿರಿ. ಗುಳ್ಳೆಯಿದ್ದರೆ ಬ್ಯಾರಲ್ ತಟ್ಟಿ ಹೊರಹಾಕಿ. ಗುಳ್ಳೆ ಎರಡು ಗೆರೆ ತಿಂದರೆ ಎರಡು ಯೂನಿಟ್ ಕಡಿಮೆ. ನಂತರ ಎನ್‌ಪಿಎಚ್‌ನಿಂದ ಒಟ್ಟು 26ರವರೆಗೆ. 27ಕ್ಕೆ ಹೋಯಿತೇ? ವಾಪಸ್ ತಳ್ಳಬೇಡಿ, ರೆಗ್ಯುಲರ್ ಆ ವಯಲ್ ಸೇರುತ್ತದೆ. ಪೂರ್ತಿ ಚೆಲ್ಲಿ ಹೊಸ ಸಿರಿಂಜ್ ತೆಗೆದುಕೊಳ್ಳಿ. ಗ್ಲಾರ್ಜಿನ್ ಮಾತ್ರ ಯಾವುದರ ಜೊತೆಗೂ ಬೆರೆಸುವಂತಿಲ್ಲ.

ಎಳೆದ ಸಿರಿಂಜನ್ನೂ ವಯಲ್ಲನ್ನೂ ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ. ನೀವು ಸಂಖ್ಯೆ ಹೇಳಬೇಡಿ, ಅವರೇ ಓದಿ ಹೇಳಲಿ. ಕೇಸ್ ಶೀಟಿನಲ್ಲಿ ‘4 ಯೂನಿಟ್’ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ಬರೀ ‘ಯು’ ಅಕ್ಷರ ಸೊನ್ನೆಯಂತೆ ಕಂಡು 4 ಹೋಗಿ 40 ಆಗುತ್ತದೆ. ತೆರೆದ ವಯಲ್ ಮೇಲೆ ದಿನಾಂಕ ಹಾಕಿ, ಸಾಮಾನ್ಯವಾಗಿ 28 ದಿನಕ್ಕೆ ಅದರ ಆಯಸ್ಸು ಮುಗಿಯಿತು.

ಚುಚ್ಚುವ ಮುನ್ನ ಜಿಆರ್‌ಬಿಎಸ್ (ಗ್ಲುಕೋಮೀಟರಿನಲ್ಲಿ ನೋಡುವ ರಕ್ತದ ಶುಗರ್) ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಕೊಡದೆ ಡ್ಯೂಟಿ ಡಾಕ್ಟರಿಗೆ ಹೇಳಿ. ರೆಗ್ಯುಲರ್ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ರೂಢಿ, ಆದರೆ ರೋಗಿಯನ್ನು ಸ್ಕ್ಯಾನಿಂಗ್‌ಗೆಂದು ಖಾಲಿ ಹೊಟ್ಟೆಯಲ್ಲಿ ಇಟ್ಟಿದ್ದಾರೆಯೇ, ಊಟ ನಿಜಕ್ಕೂ ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.