ಹನ್ನೆರಡು ಬೋರಿನ ಬಂದೂಕಿಗೆ ಕಾಡತೂಸು ಆರಿಸುವುದು, ಕಾಪಿಡುವುದು

ಕಾಡತೂಸು ನಳಿಗೆಯೊಳಗೆ ಇಳಿದು ಬಂದೂಕು ಮುಚ್ಚಿಕೊಂಡಿತೆಂದರೆ ಅಳತೆ ಸರಿಯಿದೆ ಅಂತ ಬಹಳ ಮಂದಿ ತಿಳಿಯುತ್ತಾರೆ. ಹನ್ನೆರಡು ಬೋರಿನಲ್ಲಿ ಈ ತಿಳುವಳಿಕೆಯೇ ಅಪಾಯದ್ದು. ಪೆಟ್ಟಿಗೆಯ ಮೇಲೆ ಬರೆದ ಉದ್ದ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೇಸಿನದ್ದು, ಅಂದರೆ ಕಾಡತೂಸಿನ ಹೊರಕವಚದ್ದು, ಹಾರಿಸುವ ಮೊದಲಿನದಲ್ಲ. ನಕ್ಷತ್ರದಂತೆ ಮಡಚಿದ ಬಾಯಿಯ 70 ಮಿ.ಮೀ. ಕಾಡತೂಸು ಕೈಯಲ್ಲಿ ಹಿಡಿದಾಗ ಸುಮಾರು 58 ಮಿ.ಮೀ. ಇರುತ್ತದೆ. ಹಾಗಾಗಿ 76 ಮಿ.ಮೀ.ನ ಹೆಚ್ಚು ಬಲದ ಮ್ಯಾಗ್ನಂ ಕಾಡತೂಸು ಕೂಡ 65 ಮಿ.ಮೀ. ಚೇಂಬರಿಗೆ, ಅಂದರೆ ಕಾಡತೂಸು ಕೂರುವ ನಳಿಗೆಯ ಬುಡದ ಗೂಡಿಗೆ, ಸಲೀಸಾಗಿ ಇಳಿದುಬಿಡುತ್ತದೆ. ಕುದುರೆ (ಟ್ರಿಗರ್) ಎಳೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ, ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಇಳಿಜಾರಿನೊಳಗೆ ಚಾಚಿಕೊಳ್ಳುತ್ತದೆ. ಛರ್ರಾ ಎಂಬ ಸಣ್ಣ ಗುಂಡುಗಳು, ಅವುಗಳಿಗೂ ಮದ್ದಿಗೂ ನಡುವಿನ ಬಿರಡೆಯಾದ ವ್ಯಾಡ್ ಎರಡೂ ಆ ಇಕ್ಕಟ್ಟಿನಲ್ಲೇ ನುಗ್ಗಬೇಕು. ಒತ್ತಡ ಏರುವುದು ಅಲ್ಲಿಯೇ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಬಂದೂಕನ್ನು ಓದಬೇಕು. ಎರಡೂ ನಳಿಗೆ ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮುಂದಿನ ಕಟ್ಟಿಗೆ ಬಿಚ್ಚಿ ನಳಿಗೆ ಕಳಚಿ. ನಳಿಗೆಯ ಬುಡದಲ್ಲಿ, ಕೆಳಗಿನ ಚಪ್ಪಟೆ ಭಾಗದಲ್ಲಿ, ಮುದ್ರೆಗಳಿರುತ್ತವೆ. ಈಚಿನ ಬಂದೂಕುಗಳಲ್ಲಿ 12/70 ಅಥವಾ 12/76 ಎಂದು ನೇರವಾಗಿಯೇ ಕೆತ್ತಿರುತ್ತಾರೆ. ಕಷ್ಟವಾಗುವುದು ದೇಸಗತಿ ವಾಡೆಗಳಿಂದ ಕೈಬದಲಾಗಿ ಬಂದ ಹಳೆಯ ಇಂಗ್ಲಿಷ್ ಜೋಡಿ ನಳಿಗೆಗಳಲ್ಲಿ. 1954ರ ನಂತರ ಬ್ರಿಟನ್ನಿನಲ್ಲಿ ಪರೀಕ್ಷೆಯಾದವುಗಳ ಮೇಲೆ ಚದರ ಇಂಚಿಗೆ ಇಷ್ಟು ಟನ್ ಒತ್ತಡ ಎಂಬ ಲೆಕ್ಕ ಇರುತ್ತದೆ: 3 ಟನ್ ಎಂದರೆ ಎರಡೂವರೆ ಇಂಚು, ಅಂದರೆ 65 ಮಿ.ಮೀ.; 3¼ ಟನ್ ಎಂದರೆ 70; 4 ಟನ್ ಎಂದರೆ ಮೂರಿಂಚು. ಅದಕ್ಕೂ ಹಳೆಯವುಗಳಲ್ಲಿ ವಜ್ರಾಕಾರದೊಳಗೆ 12 ಮತ್ತು ಸಿ ಅಕ್ಷರ ಕಂಡರೆ ಚೇಂಬರ್ ಮೂರಿಂಚಿಗಿಂತ ಕಡಿಮೆ ಎಂದಷ್ಟೇ ಅರ್ಥ. ಎರಡೂವರೆಯೋ ಎರಡೂಮುಕ್ಕಾಲೋ ಅದು ಹೇಳುವುದಿಲ್ಲ.

ಮುದ್ರೆ ಸವೆದಿದ್ದರೆ ಒಂದು ಸುಲಭದ ಉಪಾಯ ಇದೆ. ಗಟ್ಟಿ ಕಾರ್ಡಿನಿಂದ ಸರಿಯಾಗಿ 20 ಮಿ.ಮೀ. ಅಗಲದ, ಒಂದು ಗೇಣು ಉದ್ದದ ಪಟ್ಟಿ ಕತ್ತರಿಸಿ. ಅಂಚು ನೇರ ಇರಲಿ. ಖಾಲಿ ಚೇಂಬರಿನೊಳಗೆ ಅದನ್ನು ಮೆಲ್ಲಗೆ ತಳ್ಳಿ; ಇಳಿಜಾರು ಶುರುವಾದ ಕೂಡಲೇ ನಿಲ್ಲುತ್ತದೆ. ನಳಿಗೆಯ ಹಿಂಬದಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ ಅಳೆಯಿರಿ. ಪಟ್ಟಿ ಇಳಿಜಾರಿನೊಳಗೆ ಒಂದೆರಡು ಮಿ.ಮೀ. ಹೊಕ್ಕೇ ನಿಲ್ಲುವುದರಿಂದ ಅಷ್ಟು ಕಳೆದು ಲೆಕ್ಕ ಹಿಡಿಯಿರಿ. 66-67 ಬಂದರೆ 65ರ ಚೇಂಬರ್, 71-72 ಬಂದರೆ 70ರದ್ದು. 68-69ರಲ್ಲಿ ಸಿಕ್ಕಿಕೊಂಡರೆ ನಿಮ್ಮ ಅಂದಾಜು ಬೇಡ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿ ಗೇಜ್ ಹಾಕಿಸಿ. ಉದ್ದದ ಚೇಂಬರಿನಲ್ಲಿ ಗಿಡ್ಡ ಕಾಡತೂಸು ನಡೆಯುತ್ತದೆ, ತಿರುಗಾಮುರುಗಾ ನಡೆಯುವುದಿಲ್ಲ.

ಉದ್ದ ಹೊಂದಿದರೂ ಒತ್ತಡದ ಮಾತು ಬಾಕಿ ಇದೆ. ಯುರೋಪಿನ ಸಿಐಪಿ ಮಾನದಂಡದಲ್ಲಿ ಸಾಮಾನ್ಯ ಹನ್ನೆರಡು ಬೋರಿನ ಕಾಡತೂಸಿಗೆ 740 ಬಾರ್ ಮಿತಿ, ಹೆಚ್ಚು ಬಲದ್ದಕ್ಕೆ 1050 ಬಾರ್. ಎರಡನೆಯದು 70 ಮಿ.ಮೀ. ಕೇಸಿನಲ್ಲೂ ಬರುತ್ತದೆ; ಉದ್ದವೊಂದನ್ನೇ ನೋಡಿ ತಂದರೆ ಮೋಸ ಹೋಗುತ್ತೀರಿ. ಪೆಟ್ಟಿಗೆಯ ಮೇಲೆ ಬಾರ್ ಸಂಖ್ಯೆಯನ್ನೂ ಛರ್ರಾ ತೂಕವನ್ನೂ ಓದಿ. 65ರ ಕಾಡತೂಸಿನಲ್ಲಿ 28ರಿಂದ 30 ಗ್ರಾಂ, 70ರಲ್ಲಿ ಸಾಮಾನ್ಯವಾಗಿ 32ರಿಂದ 36 ಗ್ರಾಂ ಛರ್ರಾ ಇರುತ್ತದೆ. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ನಮೂನೆ ಕಂಡರೆ ಅದು ಕಬ್ಬಿಣ-ಉಕ್ಕು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆ. ಹೆಚ್ಚಿನವು ಕರಿಮದ್ದಿನ ಕಾಲದವು. ಅಂಥದನ್ನು ಹಾರಿಸದೆ ಗೋಡೆಗೆ ತೂಗುಹಾಕುವುದೇ ಸರಿ.

ಇಲ್ಲೇ ಒಂದು ಮಾತು, ಯಾಕೆಂದರೆ ಕೇಳುವವರು ಇದ್ದೇ ಇರುತ್ತಾರೆ: ಖಾಲಿ ಕೇಸಿಗೆ ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರ್ ತುಂಬಿ ಮನೆಯಲ್ಲೇ ಮಾಡಿಕೊಂಡರೆ ಹೇಗೆ? ಅಮೆರಿಕದಲ್ಲಿ ಅದು ಕಾನೂನಿನೊಳಗಿನ ಹವ್ಯಾಸ. ನಮ್ಮಲ್ಲಿ ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡತೂಸು ತಯಾರಿಸುವ ಹಕ್ಕು ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಸೆಕ್ಷನ್ ಅದಕ್ಕೆ ಬೇರೆ ಲೈಸೆನ್ಸ್ ಕೇಳುತ್ತದೆ. 2019ರ ತಿದ್ದುಪಡಿಯ ನಂತರ ಅದನ್ನು ಮೀರಿದರೆ ಕನಿಷ್ಠ ಏಳು ವರ್ಷ ಜೈಲು. ಕಾನೂನು ಬದಿಗಿಟ್ಟರೂ, ಮದ್ದು ಮತ್ತು ಪ್ರೈಮರ್ ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೊಂದಿರುತ್ತವೆ ಎಂಬುದಕ್ಕೆ ಮ್ಯಾಗ್ನಂ ರಿವಾಲ್ವರಿನ ಗುಂಡೇ ಸಾಕ್ಷಿ. 1935ರ .357 ಮ್ಯಾಗ್ನಂ, 1955ರ .44 ಮ್ಯಾಗ್ನಂಗಳಿಗೆ ಬಳಸುವ ಎಚ್110ನಂಥ ನಿಧಾನ ಉರಿಯುವ ಮದ್ದಿಗೆ ಸಾದಾ ಪ್ರೈಮರಿನ ಕಿಡಿ ಸಾಲದು, ಹೆಚ್ಚು ಕಾವಿನ ಮ್ಯಾಗ್ನಂ ಪ್ರೈಮರ್ ಬೇಕು. ಹೆಚ್ಚು ತುಂಬಿದರೆ ಕೇಡು ಎಂದು ಎಲ್ಲರಿಗೂ ಗೊತ್ತು. ಈ ಮದ್ದನ್ನು ಕಡಿಮೆ ತುಂಬಿದರೂ ಕೇಡೇ: ಕೇಸಿನಲ್ಲಿ ಖಾಲಿ ಜಾಗ ಉಳಿದು, ಒತ್ತಡ ಏರದೆ, ಅರ್ಧಂಬರ್ಧ ಉರಿದು ಗುಂಡು ನಳಿಗೆಯಲ್ಲೇ ನಿಂತುಬಿಡಬಹುದು. ಮಾರುವ ಕಂಪನಿಯೇ ಶೇ. 3ಕ್ಕಿಂತ ಹೆಚ್ಚು ತಗ್ಗಿಸಬೇಡಿ ಎನ್ನುತ್ತದೆ. ಅಂಥ ಲೆಕ್ಕ ಕಾರ್ಖಾನೆಯ ಒತ್ತಡ ಅಳೆಯುವ ನಳಿಗೆಯಲ್ಲಿ ಆಗುತ್ತದೆ, ಅಡುಗೆಮನೆಯ ತಕ್ಕಡಿಯಲ್ಲಲ್ಲ. ಛರ್ರಾ ತೆಗೆದು ದಪ್ಪ ಗುಂಡು ಹಾಕಿಕೊಡುತ್ತೇನೆ ಎನ್ನುವವರ ಕಾಡತೂಸೂ ಇದೇ ಸಾಲಿನದ್ದು.

ಇನ್ನು ಛರ್ರಾ ನಂಬರ್. ನಮ್ಮ ಅಂಗಡಿಗಳಲ್ಲಿ ಓಡುವುದು ಇಂಗ್ಲಿಷ್ ಪದ್ಧತಿ. ಎಲ್‌ಜಿ ಸುಮಾರು 9.1 ಮಿ.ಮೀ., ಔನ್ಸಿಗೆ ಆರು ಗುಂಡು, ಎಸ್‌ಜಿ 8.4 ಮಿ.ಮೀ., ಎಂಟು, ಎಎಎ 5.2 ಮಿ.ಮೀ., ಮೂವತ್ತೈದು; ಬಿಬಿ 4.1 ಮಿ.ಮೀ., ಎಪ್ಪತ್ತು, ನಾಲ್ಕನೇ ನಂಬರ್ 3.1 ಮಿ.ಮೀ.; ಆರನೇ ನಂಬರ್ 2.6 ಮಿ.ಮೀ., ಔನ್ಸಿಗೆ 270. ಆಯ್ಕೆ ಮಾಡುವಾಗ ಜನ ಕೇಳುವುದು ಎಷ್ಟು ಜೋರು ಹೊಡೆಯುತ್ತದೆ ಎಂದು. ಕೇಳಬೇಕಾದದ್ದು ತಪ್ಪಿದ ಗುಂಡು ಎಷ್ಟು ದೂರ ಹೋಗುತ್ತದೆ ಎಂದು. ಆರನೇ ನಂಬರ್ ಇನ್ನೂರು ಮೀಟರ್ ಆಸುಪಾಸು ಹೋಗಿ ಬೀಳುತ್ತದೆ. ಎಸ್‌ಜಿ ಆರುನೂರ ಐವತ್ತು ಮೀಟರ್ ದಾಟಬಲ್ಲದು. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಅಷ್ಟು ಅಂತರದೊಳಗೆ ಗ್ಯಾಂಗಿನವರ ಗುಡಿಸಲು ಇಲ್ಲದ ಹೊಲ ಹುಡುಕಿದರೂ ಸಿಗುವುದು ಕಷ್ಟ. ಬೆಳೆಗೆ ಬರುವ ಕಾಡುಹಂದಿಯನ್ನು ಹೆದರಿಸಿ ಓಡಿಸುವುದಷ್ಟೇ ಉದ್ದೇಶವಾದರೆ ಎಲ್‌ಜಿ, ಎಸ್‌ಜಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹೊಡೆಯುವ ಉದ್ದೇಶವೇ ಇದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ನಿನಂತೆ ಲಿಖಿತ ಅನುಮತಿ ಬೇಕು. ಹಂದಿ ಬೆಳೆ ತಿಂದಿತು ಎಂಬ ಕಾರಣವೊಂದೇ ಸಾಲದು. ಕಬ್ಬಿನ ಒಣಗಿದ ರವದಿಯ ಮೇಲೆ ಹಾರಿಸಬೇಡಿ. ಕರಿಮದ್ದಿನ ಬಂದೂಕಿನ ವ್ಯಾಡ್ ಕೆಂಡದಂತೆ ಹೊಗೆಯಾಡುತ್ತ ಬೀಳುತ್ತದೆ.

ನಳಿಗೆಯ ಬಾಯಿಯ ಚೋಕ್ ಕೂಡ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ಚೋಕ್ ಇರುವ ನಳಿಗೆಯ ಬಾಯಿ ಸುಮಾರು ಒಂದು ಮಿ.ಮೀ. ಕಿರಿದು; 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಎಪ್ಪತ್ತು ಛರ್ರಾ ಬೀಳುತ್ತವೆ. ಚೋಕ್ ಇಲ್ಲದ್ದರಲ್ಲಿ ನಲವತ್ತು. ಒಂಟಿ ಗುಂಡಿನ ಕಾಡತೂಸನ್ನು, ಅದು ಚೋಕಿಗೆ ನಡೆಯುತ್ತದೆ ಎಂದು ಪೆಟ್ಟಿಗೆಯಲ್ಲೇ ಬರೆದಿರದಿದ್ದರೆ, ಪೂರ್ತಿ ಚೋಕಿನಲ್ಲಿ ಹಾರಿಸಬಾರದು.

ನಮ್ಮ ಕಡೆ ಹೆಚ್ಚು ಸಿಗುವುದು ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ಶಕ್ತಿಮಾನ್ ಕಾಡತೂಸು. ಹಿತ್ತಾಳೆ ಬುಡದ ಮೇಲೆ ಕೆಎಫ್ ಮುದ್ರೆ. ಕೊಳ್ಳುವಾಗ ಒಂದೊಂದನ್ನೂ ಕೈಗೆತ್ತಿ ನೋಡಿ. ಪ್ರೈಮರ್ ಬುಡದ ಮಟ್ಟಕ್ಕೆ ಸಮ ಕೂತಿರಬೇಕು, ಬೆರಳಿಗೆ ಉಬ್ಬು ತಗಲಿದರೆ ವಾಪಸ್ ಕೊಡಿ. ಮಡಿಕೆ ಸಡಿಲಾಗಿ ಛರ್ರಾ ಇಣುಕುತ್ತಿದ್ದರೂ ಅಷ್ಟೇ: ಮಡಿಕೆಯ ತಡೆ ಇಲ್ಲದೆ ಮದ್ದು ಸರಿಯಾಗಿ ಉರಿಯುವುದಿಲ್ಲ. ಅಂಗಡಿಯವರು ಲೈಸೆನ್ಸ್ ಪುಸ್ತಕದಲ್ಲಿ ಸಂಖ್ಯೆ, ತಾರೀಖು ಬರೆದದ್ದನ್ನು ಅಲ್ಲೇ ನಿಂತು ಎಣಿಸಿಕೊಳ್ಳಿ. ಮನೆಯಲ್ಲಿ ಇಪ್ಪತ್ತು ಬೋರಿನ ಬಂದೂಕೂ ಇದ್ದರೆ ಅದರ ಕಾಡತೂಸು ಬೇರೆ ಕಪಾಟಿನಲ್ಲಿರಲಿ. ಅದು ಹನ್ನೆರಡರ ಚೇಂಬರ್ ದಾಟಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿಯೆಂದೇ ಕಾಣುತ್ತದೆ. ಅದರ ಹಿಂದೆ ಹನ್ನೆರಡರದ್ದು ಹಾಕಿ ಹಾರಿಸಿದರೆ ನಳಿಗೆ ಎಡಗೈಯ ಹತ್ತಿರವೇ ಸಿಡಿಯುತ್ತದೆ. ಇಪ್ಪತ್ತರ ಕೇಸಿಗೆ ಹಳದಿ ಬಣ್ಣ ಹಚ್ಚುವ ವಾಡಿಕೆ ಬಂದದ್ದು ಇದಕ್ಕೇ.

ಬ್ಯಾಂಕಿನ ಕಾವಲಿಗೆ ನಿಂತ ನಿವೃತ್ತ ಸೈನಿಕರ ಸೊಂಟದ ಪಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಚರ್ಮದ ಕುಣಿಕೆಗಳಲ್ಲಿ ವರ್ಷಗಟ್ಟಲೆ ಕೂತ ಕಾಡತೂಸಿನ ಹಿತ್ತಾಳೆ ಸುತ್ತ ಹಸಿರು ಕಿಲುಬು ಅಂಟಂಟಾಗಿ ಕಟ್ಟಿರುತ್ತದೆ. ಚರ್ಮ ಹದ ಮಾಡಿದ ಆಮ್ಲ ಹಿತ್ತಾಳೆಯನ್ನು ತಿನ್ನುವ ಗುರುತು ಅದು. ಕಿಲುಬು ದಪ್ಪವಾದರೆ ಕಾಡತೂಸು ಚೇಂಬರಿನಲ್ಲಿ ಕಚ್ಚಿಕೊಳ್ಳುತ್ತದೆ, ಹೊರಗೆಳೆಯುವ ಕೊಕ್ಕೆಗೆ ಬರುವುದಿಲ್ಲ. ಡ್ಯೂಟಿ ಮುಗಿದ ಮೇಲೆ ಕಾಡತೂಸು ಪಟ್ಟಿಯಿಂದ ತೆಗೆದು ಒಣಬಟ್ಟೆಯಿಂದ ಒರೆಸಿ ಡಬ್ಬಿಯಲ್ಲಿಡಿ. ಎಣ್ಣೆ ಹಚ್ಚಬೇಡಿ. ತೆಳ್ಳನೆಯ ಎಣ್ಣೆ ಪ್ರೈಮರಿನ ಅಂಚಿನಲ್ಲಿ ಇಳಿದು ಒಳಗಿನ ಸಿಡಿಮದ್ದನ್ನು ಕೆಡಿಸುತ್ತದೆ.

ಕಣಕುಂಬಿ, ಜಾಂಬೋಟಿಯ ಮಳೆಗೂ ವಿಜಯಪುರದ ಬೇಸಿಗೆಗೂ ಕಾಪಿಡುವ ರೀತಿ ಬೇರೆ. ಮಳೆಯ ಸೀಮೆಯಲ್ಲಿ ಹಳೆಯ ಕಾಗದದ ಕೇಸು ತೇವ ಹೀರಿ ಉಬ್ಬುತ್ತದೆ, ಚೇಂಬರಿಗೆ ಇಳಿಯುವುದೇ ಇಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ವಿಜಯಪುರ, ಇಂಡಿ ಕಡೆ ತಗಡಿನ ಛಾವಣಿ ಕೆಳಗಿನ ಅಟ್ಟ, ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡು, ಇವೆರಡೂ ಬೇಡ. ಕಾವಿಗೆ ಮದ್ದಿನ ಆಯುಸ್ಸು ಇಳಿಯುತ್ತದೆ, ಬಿಸಿ ಕಾಡತೂಸಿನ ಒತ್ತಡವೂ ಹೆಚ್ಚು. ಮನೆಯ ನಡುಕೋಣೆಯ ನೆಲಕ್ಕೆ ಹತ್ತಿರದ ಬೀಗದ ಕಪಾಟು ಒಳ್ಳೆಯದು. ಬಂದೂಕಿನ ಬೀಗ, ಕಾಡತೂಸಿನ ಬೀಗ ಬೇರೆ ಬೇರೆ ಇರಲಿ.

ಕುದುರೆ ಎಳೆದರೂ ಹಾರದಿದ್ದರೆ ಬಂದೂಕಿನ ಬಾಯಿ ಮೊದಲಿದ್ದ ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಕೆಟ್ಟ ಪ್ರೈಮರ್ ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ಮುಖ ಪಕ್ಕಕ್ಕೆ ಇಟ್ಟು ಬಂದೂಕು ತೆರೆದು ಕಾಡತೂಸು ತೆಗೆಯಿರಿ. ಹೆಚ್ಚು ಅಪಾಯದ್ದು ಇನ್ನೊಂದು: ಢಂ ಎನ್ನುವ ಬದಲು ಪುಸ್ ಎಂದು ಹಾರುವುದು. ವ್ಯಾಡ್ ನಳಿಗೆಯ ನಡುವೆ ಉಳಿದಿರಬಹುದು. ಮುಂದಿನದ್ದನ್ನು ಹಾಕುವ ಮೊದಲು ನಳಿಗೆ ಕಳಚಿ ಬೆಳಕಿಗೆ ಹಿಡಿದು ಆರಪಾರ ನೋಡಲೇಬೇಕು. ನೋಡದೆ ಹಾರಿಸಿದ ನಳಿಗೆಗಳಲ್ಲಿ ಉಂಗುರದಂತೆ ಉಬ್ಬು ಬರುತ್ತದೆ, ಅದೂ ಅದೃಷ್ಟ ಚೆನ್ನಾಗಿದ್ದರೆ.

ಕಿಲುಬು ತಿಂದ, ಹಾರದೆ ಉಳಿದ ಕಾಡತೂಸನ್ನು ಒಲೆಗೆ, ಬಾವಿಗೆ, ತಿಪ್ಪೆಗೆ ಹಾಕಬೇಡಿ, ಪಕ್ಕದ ಹೊಲದವರಿಗೆ ಕೊಡಲೂ ಬೇಡಿ; ಕೊಟ್ಟವರ ಮೇಲೂ ಕೇಸಾಗುತ್ತದೆ. ಲೈಸೆನ್ಸ್ ಇರುವ ಅಂಗಡಿಯವರನ್ನೋ ಪೊಲೀಸ್ ಠಾಣೆಯನ್ನೋ ಮೊದಲೇ ಕೇಳಿ, ಅವರು ಹೇಳಿದಂತೆ ಒಪ್ಪಿಸಿ, ರಸೀದಿ ಪಡೆದು, ಲೈಸೆನ್ಸ್ ಪುಸ್ತಕದ ಲೆಕ್ಕದಲ್ಲಿ ಅಷ್ಟು ಕಡಿಮೆ ಮಾಡಿಸಿಕೊಳ್ಳಿ.